ದ್ವಂದ್ವಯುದ್ಧ: ಇಬ್ಬರಿಗೇ ಮೀಸಲಾದ ಕಾಳಗ

ಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ‘ದ್ವಂದ್ವ’ ಎಂದೊಡನೆ ನೆನಪಾಗುವುದು ಸಮಾಸ: ಕೆರೆಕಟ್ಟೆಗಳು, ಗಿಡಮರಗಳು, ರಾಮಲಕ್ಷ್ಮಣರು. ಇಲ್ಲಿ ಸೇರುವ ಪದಗಳೆಲ್ಲಕ್ಕೂ ಸಮಾನ ಪ್ರಾಧಾನ್ಯ. ಒಂದು ಇನ್ನೊಂದಕ್ಕೆ ಅಧೀನವಲ್ಲ. ಇಬ್ಬರೇ ಎದುರುಬದುರಾಗಿ ಹೋರಾಡುವ ಕಾಳಗಕ್ಕೂ ಇದೇ ಹೆಸರು ಬಂದಿರುವುದು ಅರ್ಥಪೂರ್ಣವಾಗಿದೆ. ಸಂಸ್ಕೃತದಲ್ಲಿ ಎರಡನ್ನು ಸೂಚಿಸುವ ‘ದ್ವ’ ಇಮ್ಮಡಿಸಿ ‘ದ್ವಂದ್ವ’ವಾಯಿತು, ಅಂದರೆ ಜೋಡಿ. ಸುಖದುಃಖ, ಶೀತೋಷ್ಣಗಳೂ ದ್ವಂದ್ವಗಳೇ. ಪಾಣಿನಿ ಈ ಪದಕ್ಕೆ ‘ರಹಸ್ಯ’ ಎಂಬ ಅರ್ಥವನ್ನೂ ಹೇಳುತ್ತಾನೆ. ಇಬ್ಬರ ನಡುವೆ ಉಳಿಯುವ ಮಾತೇ ತಾನೆ ಗುಟ್ಟು!

ಇಂಗ್ಲಿಷಿನ ‘ಡ್ಯುಯೆಲ್’ ಕೂಡ ಎರಡರಿಂದಲೇ ಹುಟ್ಟಿದಂತೆ ಕೇಳಿಸುತ್ತದೆ. ಆದರೆ ಅದರ ಮೂಲವಾದ ಲ್ಯಾಟಿನ್ನಿನ ‘ದುಎಲ್ಲುಮ್’ ಎಂದರೆ ಬರಿಯ ಯುದ್ಧ. ಎರಡು ಎಂಬರ್ಥದ ‘ದುಓ’ ಪದದೊಡನೆ ಉಚ್ಚಾರ ಹೋಲಿದ್ದರಿಂದ ಮಧ್ಯಯುಗದಲ್ಲಿ ಅದು ಇಬ್ಬರ ಕಾದಾಟಕ್ಕೆ ಸೀಮಿತವಾಯಿತು.

ಮಹಾಭಾರತದ ಸಭಾಪರ್ವದಲ್ಲಿ ಮಗಧದ ಜರಾಸಂಧನ ಸೆರೆಯಲ್ಲಿ 86 ಮಂದಿ ರಾಜರಿದ್ದರು. ನೂರು ತುಂಬಿದರೆ ಅವರೆಲ್ಲ ಬಲಿಪಶುಗಳು. ಅವನ ಸೈನ್ಯಕ್ಕೆ ಹೆದರಿ ಯಾದವರು ಮಥುರೆಯನ್ನೇ ಬಿಟ್ಟು ದ್ವಾರಕೆ ಸೇರಿದ್ದರು. ರಣರಂಗದಲ್ಲಿ ಗೆಲ್ಲಲಾಗದವನನ್ನು ಕೃಷ್ಣ ದ್ವಂದ್ವಕ್ಕೆ ಕರೆದ. ತನ್ನನ್ನು, ಭೀಮನನ್ನು, ಅರ್ಜುನನನ್ನು ಮುಂದಿಟ್ಟು ಎದುರಾಳಿಯನ್ನು ಆರಿಸಿಕೊಳ್ಳುವಂತೆ ಹೇಳಿದ. ಜರಾಸಂಧ ಭೀಮನನ್ನೇ ಆರಿಸಿದ. ಹದಿನಾಲ್ಕನೆಯ ರಾತ್ರಿಯವರೆಗೆ ನಡೆದ ಆ ಕಾಳಗದಲ್ಲಿ ಅವನು ಸತ್ತ, ರಾಜರು ಬಿಡುಗಡೆಯಾದರು.

ಸಮಬಲರ ಕಾಳಗಕ್ಕೆ ಕಟ್ಟುಪಾಡೂ ಉಂಟು. ಗದಾಯುದ್ಧದಲ್ಲಿ ಹೊಕ್ಕುಳಿನ ಕೆಳಗೆ ಹೊಡೆಯಬಾರದು. ದುರ್ಯೋಧನನ ತೊಡೆ ಮುರಿದ ಭೀಮ ಅದನ್ನು ಮೀರಿದ. ಇಬ್ಬರಿಗೂ ಗುರುವಾಗಿದ್ದ ಬಲರಾಮ ನೇಗಿಲೆತ್ತಿ ಅವನ ಮೇಲೇರಿ ಬಂದ.

ಕನ್ನಡಿಗರಿಗೆ ಹೆಚ್ಚು ಹತ್ತಿರವಾದುದು ಕ್ರಿ.ಶ. 941ರ ಪಂಪನ ‘ಆದಿಪುರಾಣ’ದಲ್ಲಿದೆ. ಭರತ, ಬಾಹುಬಲಿಯರ ಸೇನೆಗಳು ಎದುರಾದಾಗ ಮಂತ್ರಿಗಳೇ ನಡುವೆ ಬರುತ್ತಾರೆ. ಅಣ್ಣತಮ್ಮಂದಿರ ಹಟಕ್ಕೆ ಸೈನಿಕರೇಕೆ ಸಾಯಬೇಕು? ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಎಂದು ನಿಶ್ಚಯವಾಗುತ್ತದೆ. ಮೂರರಲ್ಲೂ ಸೋತ ಭರತ ಸಿಟ್ಟಿನಿಂದ ಚಕ್ರವನ್ನೇ ಪ್ರಯೋಗಿಸಿದ. ಚಕ್ರ ಬಾಹುಬಲಿಯನ್ನು ಕೊಲ್ಲಲಿಲ್ಲ, ಸುತ್ತು ಬಂದು ಪಕ್ಕದಲ್ಲಿ ನಿಂತಿತು. ಗೆದ್ದವನು ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಡೆದ. ಶ್ರವಣಬೆಳಗೊಳದ ಬೆಟ್ಟದ ಮೇಲೆ ಚಾವುಂಡರಾಯ ಮಾಡಿಸಿದ ವಿಗ್ರಹದಲ್ಲಿ ಬಳ್ಳಿ ಹಬ್ಬಿಸಿಕೊಂಡು ನಿಂತಿರುವವನು ಅವನೇ.