ಟಿಮ್ ಕುಕ್ ಬಹಿರಂಗ ಹೇಳಿಕೆ (2014) ಮತ್ತು ಸಾರ್ವಜನಿಕ ಪ್ರತಿಕ್ರಿಯೆ

ಆ್ಯಪಲ್ ಕಂಪನಿಯ ಸಿಇಒ ಟಿಮ್ ಕುಕ್ ತಾವು ಸಲಿಂಗಿ ಎಂಬುದನ್ನು 2014ರ ಅಕ್ಟೋಬರ್ 30ರಂದು 'ಬ್ಲೂಮ್‌ಬರ್ಗ್ ಬಿಸಿನೆಸ್‌ವೀಕ್' ವಾರಪತ್ರಿಕೆಯಲ್ಲಿ ಲೇಖನ ಬರೆದು ತಿಳಿಸಿದರು. ಅಮೆರಿಕದ ಅತಿ ದೊಡ್ಡ ಕಂಪನಿಗಳ 'ಫಾರ್ಚೂನ್ 500' ಪಟ್ಟಿಯಲ್ಲಿರುವ ಸಂಸ್ಥೆಯೊಂದರ ಸಿಇಒ ಅಧಿಕಾರದಲ್ಲಿದ್ದಾಗಲೇ ಹೀಗೆ ಹೇಳಿಕೊಂಡದ್ದು ಅದೇ ಮೊದಲು. ಹೇಳಿಕೆಗೆ ಬಂದ ಪ್ರತಿಕ್ರಿಯೆಗಳು ಎಲ್ಲೆಡೆ ಒಂದೇ ತೆರನಾಗಿರಲಿಲ್ಲ. ಷೇರುಪೇಟೆ ಮಿಸುಕಲಿಲ್ಲ, ಗ್ರಾಹಕರು ಐಫೋನ್ ಕೊಳ್ಳುವುದನ್ನು ಬಿಡಲಿಲ್ಲ. ಗದ್ದಲ ಎದ್ದದ್ದು ರಾಜಕಾರಣದ ಪಡಸಾಲೆಯಲ್ಲಿ, ಅದರಲ್ಲೂ ಸಲಿಂಗಿಗಳ ವಿರುದ್ಧ ಕಾನೂನು ಇದ್ದ ಕಡೆ.

ಹಿನ್ನೆಲೆ

ಕುಕ್ ಹುಟ್ಟಿದ್ದು 1960ರ ನವೆಂಬರ್ 1ರಂದು ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ. ಬೆಳೆದದ್ದು ಅದೇ ರಾಜ್ಯದ ರಾಬರ್ಟ್ಸ್‌ಡೇಲ್ ಎಂಬ ಸಣ್ಣ ಊರಿನಲ್ಲಿ. ಆಬರ್ನ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಮುಗಿಸಿ ಐಬಿಎಂನಲ್ಲಿ 12 ವರ್ಷ ದುಡಿದರು, ಆ ನಡುವೆಯೇ ಡ್ಯೂಕ್‌ನಲ್ಲಿ ಎಂಬಿಎ ಮಾಡಿದರು. ಆಮೇಲೆ ಕಾಂಪ್ಯಾಕ್ ಕಂಪನಿಯಲ್ಲಿದ್ದವರನ್ನು 1998ರಲ್ಲಿ ಸ್ಟೀವ್ ಜಾಬ್ಸ್ ಆ್ಯಪಲ್‌ಗೆ ಕರೆತಂದರು. ಬಿಡಿಭಾಗಗಳ ಪೂರೈಕೆ, ಗೋದಾಮು, ತಯಾರಿಕೆ ಇವೆಲ್ಲ ಅವರ ಕೈಗೆ ಬಂದವು. 2011ರ ಆಗಸ್ಟ್ 24ರಂದು ಜಾಬ್ಸ್ ಕೆಳಗಿಳಿದು ಕುಕ್ ಸಿಇಒ ಆದರು.

ಖಾಸಗಿ ಬದುಕಿನ ಬಗ್ಗೆ ತುಟಿ ಬಿಚ್ಚದ ಮನುಷ್ಯ ಎಂದು ಹೆಸರಾಗಿದ್ದರೂ ಅವರ ಲೈಂಗಿಕತೆ ಎಲ್ಲರಿಗೂ ಗೊತ್ತಿದ್ದ ಗುಟ್ಟಾಗಿತ್ತು. 'ಗಾಕರ್' ಜಾಲತಾಣ 2011ರ ಜನವರಿಯಲ್ಲೇ ಆ ಬಗ್ಗೆ ಬರೆದಿತ್ತು. ಸಲಿಂಗಿಗಳ ಪತ್ರಿಕೆ 'ಔಟ್' 2013ರಲ್ಲಿ ಪ್ರಭಾವಿಗಳ ಪಟ್ಟಿಯ ಮೊದಲ ಸ್ಥಾನವನ್ನೇ ಅವರಿಗೆ ಕೊಟ್ಟಿತ್ತು. ಕುಕ್ ಇದಾವುದನ್ನೂ ಅಲ್ಲಗಳೆಯಲಿಲ್ಲ, ಒಪ್ಪಲೂ ಇಲ್ಲ. ದೊಡ್ಡ ಪತ್ರಿಕೆಗಳೂ ಆ ಗೆರೆಯನ್ನು ದಾಟದೆ ಸುಮ್ಮನಿದ್ದವು.

ಆ ಮೌನ ಎಷ್ಟು ನಾಜೂಕಾಗಿತ್ತು ಎಂಬುದು 2014ರ ಜೂನ್ ತಿಂಗಳಲ್ಲಿ ಸಿಎನ್‌ಬಿಸಿ ಟೀವಿ ವಾಹಿನಿಯ ಬೆಳಗಿನ ಕಾರ್ಯಕ್ರಮದಲ್ಲಿ ಬಯಲಾಯಿತು. 'ನ್ಯೂಯಾರ್ಕ್ ಟೈಮ್ಸ್' ಅಂಕಣಕಾರ ಜೇಮ್ಸ್ ಸ್ಟುವರ್ಟ್ ಅಲ್ಲಿ ಕುಳಿತು, ಸಲಿಂಗಿಗಳಾಗಿರುವ ಸಿಇಒಗಳು ತಮ್ಮ ಹೆಸರು ಹಾಕಲು ಒಪ್ಪುವುದೇ ಇಲ್ಲ ಎಂದು ವಿವರಿಸುತ್ತಿದ್ದರು. ನಿರೂಪಕ ಸೈಮನ್ ಹಾಬ್ಸ್ ನಡುವೆ ಬಾಯಿ ಹಾಕಿ, ಆ್ಯಪಲ್‌ನ ಟಿಮ್ ಕುಕ್ ಈ ವಿಷಯದಲ್ಲಿ ಮುಕ್ತವಾಗಿಯೇ ಇದ್ದಾರಲ್ಲ ಎಂದುಬಿಟ್ಟರು. ಸ್ಟುವರ್ಟ್ ತಲೆ ಅಲ್ಲಾಡಿಸಿದರು. ಸ್ಟುಡಿಯೋದಲ್ಲಿ ಯಾರೂ ಮಾತಾಡಲಿಲ್ಲ. ತಪ್ಪು ಮಾತಾಡಿದೆನೇ ಎಂದು ಹಾಬ್ಸ್ ತಡವರಿಸಿದರು. ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ಗೊತ್ತಿದೆ ಎಂದು ತೋರಿಸಿಕೊಳ್ಳಬಾರದಿತ್ತು, ಅಷ್ಟೆ.

ಆ ಬೆಳಿಗ್ಗೆ ಚರ್ಚೆಯಲ್ಲಿದ್ದದ್ದು ಬ್ರಿಟಿಷ್ ತೈಲ ಕಂಪನಿ ಬಿಪಿಯ ಮಾಜಿ ಮುಖ್ಯಸ್ಥ ಜಾನ್ ಬ್ರೌನ್ ಬರೆದ 'ದಿ ಗ್ಲಾಸ್ ಕ್ಲಾಸೆಟ್' ಎಂಬ ಪುಸ್ತಕ. ವ್ಯಾಪಾರ ಲೋಕದ ಸಲಿಂಗಿಗಳು ಬಾಯಿ ಕಟ್ಟಿಕೊಂಡಿರಲು ಬ್ರೌನ್ ಅವರ ಕಥೆಯೇ ಒಂದು ಕಾರಣ. 1995ರಿಂದ ಬಿಪಿಯನ್ನು ನಡೆಸಿದ ಅವರು, ತಮ್ಮ ಹಳೆಯ ಸಂಗಾತಿ ಪತ್ರಿಕೆಯೊಂದಕ್ಕೆ ಹೇಳಿದ್ದ ವಿಷಯ ಅಚ್ಚಾಗದಂತೆ ತಡೆಯಾಜ್ಞೆ ತರಲು ಲಂಡನ್ನಿನ ನ್ಯಾಯಾಲಯದ ಮೆಟ್ಟಿಲೇರಿದರು. ಅಲ್ಲಿ ಆ ಸಂಗಾತಿಯ ಪರಿಚಯವಾದದ್ದು ಹೇಗೆ ಎಂಬ ಪ್ರಶ್ನೆಗೆ ಸುಳ್ಳು ಹೇಳಿದರು. ಸುಳ್ಳು ಹೊರಬಿದ್ದಾಗ 2007ರ ಮೇ 1ರಂದು ಹುದ್ದೆ ಬಿಡಬೇಕಾಯಿತು. ಹುದ್ದೆ ಹೋದದ್ದು ಸಲಿಂಗಿ ಎಂಬ ಕಾರಣಕ್ಕಲ್ಲ, ಅದನ್ನು ಮುಚ್ಚಿಡಲು ಹೇಳಿದ ಸುಳ್ಳಿಗೆ. ಅದೇ 2007ರಲ್ಲಿ ಸಿಲಿಕಾನ್ ವ್ಯಾಲಿಯ ಹೂಡಿಕೆದಾರ ಪೀಟರ್ ಥೀಲ್ ಸಲಿಂಗಿ ಎಂದು 'ಗಾಕರ್' ಬರೆಯಿತು. ಥೀಲ್ ಅದನ್ನು ಮರೆಯಲಿಲ್ಲ. ಮುಂದೆ ಕುಸ್ತಿಪಟು ಹಲ್ಕ್ ಹೋಗನ್ ಆ ಜಾಲತಾಣದ ಮೇಲೆ ಹೂಡಿದ ಮೊಕದ್ದಮೆಗೆ ಗುಟ್ಟಾಗಿ ಹಣ ಕೊಟ್ಟರು. 2016ರಲ್ಲಿ 'ಗಾಕರ್' ದಿವಾಳಿಯಾಯಿತು.

ಲೇಖನ

ಕುಕ್ ಅವರ ಲೇಖನ ಚಿಕ್ಕದು. ಆ್ಯಪಲ್‌ನಲ್ಲಿ ಹಲವು ಸಹೋದ್ಯೋಗಿಗಳಿಗೆ ವಿಷಯ ತಿಳಿದಿದೆ, ಅದರಿಂದ ತಮ್ಮನ್ನು ಕಾಣುವ ರೀತಿ ಬದಲಾಗಿಲ್ಲ ಎನ್ನುತ್ತಾರೆ. ಸಲಿಂಗಿಯಾಗಿರುವುದಕ್ಕೆ ಹೆಮ್ಮೆಯಿದೆ, ದೇವರು ಕೊಟ್ಟ ದೊಡ್ಡ ಕೊಡುಗೆಗಳಲ್ಲಿ ಇದೂ ಒಂದು ಎಂದು ಹೇಳುತ್ತಾರೆ. ಮುಂದೆ ಗಂಭೀರವಾಗಿ ಮಾತಾಡುತ್ತಲೇ, ಈ ಬದುಕು ತಮಗೆ ಖಡ್ಗಮೃಗದ ಚರ್ಮ ಕೊಟ್ಟಿದೆ, ಆ್ಯಪಲ್ ನಡೆಸುವವನಿಗೆ ಅದು ಬೇಕಾಗುತ್ತದೆ ಎಂದು ಒಂದು ಚಟಾಕಿಯನ್ನೂ ಹಾರಿಸುತ್ತಾರೆ. ಕಚೇರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ರಾಬರ್ಟ್ ಕೆನೆಡಿ ಇಬ್ಬರ ಚಿತ್ರಗಳಿವೆ, ದಿನವೂ ಅವನ್ನು ನೋಡಿದಾಗ ತನ್ನ ಪಾಲಿನದನ್ನು ಮಾಡುತ್ತಿದ್ದೇನೆ ಎನಿಸಬೇಕು ಎಂಬುದು ಲೇಖನದ ಕೊನೆಯ ಭಾಗದ ಮಾತು.

ಮಾತಾಡಲು ಆ ಹೊತ್ತನ್ನೇ ಆರಿಸಿಕೊಂಡದ್ದೇಕೆ? ನಾಲ್ಕು ವರ್ಷಗಳ ಬಳಿಕ ಸಿಎನ್‌ಎನ್‌ಗೆ ಕೊಟ್ಟ ಸಂದರ್ಶನದಲ್ಲಿ ಕುಕ್ ಅದನ್ನು ಬಿಡಿಸಿ ಹೇಳಿದರು. ಶಾಲೆಯಲ್ಲಿ ಹೀಯಾಳಿಕೆಗೆ, ಮನೆಯಲ್ಲಿ ತಿರಸ್ಕಾರಕ್ಕೆ ಗುರಿಯಾದ ಮಕ್ಕಳು ಅವರಿಗೆ ಪತ್ರ ಬರೆಯುತ್ತಿದ್ದರು. ಕುಕ್ ಸಲಿಂಗಿ ಎಂದು ಅಂತರ್ಜಾಲದಲ್ಲಿ ಓದಿದ್ದ ಮಕ್ಕಳು ಅವರು. ತನ್ನ ಖಾಸಗಿತನ ಕಾಯಲು ಸುಮ್ಮನಿರುವುದು ಸ್ವಾರ್ಥ ಅನ್ನಿಸಿತು ಎಂಬುದು ಅವರ ವಿವರಣೆ. ವ್ಯಾಪಾರದ ದೃಷ್ಟಿಯಿಂದಲೂ ಹೊತ್ತು ಚೆನ್ನಾಗಿತ್ತು. ಐಫೋನ್ 6 ಸೆಪ್ಟೆಂಬರಿನಲ್ಲಷ್ಟೇ ಪೇಟೆಗೆ ಬಂದಿತ್ತು. ಜಾಬ್ಸ್ ನೆರಳಿನಿಂದ ಕುಕ್ ಹೊರಬಂದರೇ ಎಂಬ ಪ್ರಶ್ನೆಯನ್ನು ಕೇಳುವವರು ಕಡಿಮೆಯಾಗಿದ್ದರು. ಸೋಲುತ್ತಿರುವ ಸಿಇಒ ಇದೇ ಮಾತನ್ನು ಹೇಳಿದ್ದರೆ ಜನ ಬೇರೆ ಅರ್ಥ ಹುಡುಕುತ್ತಿದ್ದರು.

ವ್ಯಾಪಾರ ಲೋಕ

ಆ್ಯಪಲ್ ಆಡಳಿತ ಮಂಡಳಿಯ ಅಧ್ಯಕ್ಷ ಆರ್ಥರ್ ಲೆವಿನ್‌ಸನ್ ಮಂಡಳಿಯ ಪೂರ್ಣ ಬೆಂಬಲ ಸೂಚಿಸಿದರು. ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಕೃತಜ್ಞತೆ ಹೇಳಿದರು. ಗೂಗಲ್‌ನ ಸುಂದರ್ ಪಿಚೈ, ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿ ಮೈಕ್ರೋಸಾಫ್ಟ್ ಚುಕ್ಕಾಣಿ ಹಿಡಿದಿದ್ದ ಸತ್ಯ ನಾದೆಲ್ಲ ಇಬ್ಬರೂ ಟ್ವೀಟ್ ಮಾಡಿ ಮೆಚ್ಚಿದರು. ಕುಕ್ ಅವರಂತೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲೇ ಹುಟ್ಟಿ ಬೆಳೆದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್, ಒಂದೇ ಸೀಮೆಯವರೆಂಬ ಸಲುಗೆಯಲ್ಲಿ ಟೋಪಿ ತೆಗೆದು ವಂದಿಸಿದರು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕಿನ ಲಾಯ್ಡ್ ಬ್ಲಾಂಕ್‌ಫೈನ್ ಹೇಳಿದ್ದು ಇವರೆಲ್ಲರಿಗಿಂತ ನೇರ: ಯಾರು ಹೇಳಿದರು ಎಂಬುದರ ಮೇಲೆ ಮಾತಿಗೆ ತೂಕ ಬರುತ್ತದೆ, ಇಲ್ಲಿ ಹೇಳಿದವರು ಆ್ಯಪಲ್‌ನ ಟಿಮ್ ಕುಕ್.

ಆ ಗುರುವಾರ ಆ್ಯಪಲ್ ಷೇರಿನ ಬೆಲೆ ಶೇಕಡಾ ಒಂದರಷ್ಟೂ ಏರುಪೇರಾಗದೆ ಸುಮಾರು 107 ಡಾಲರಿನಲ್ಲೇ ನಿಂತಿತ್ತು. ಬಹಿಷ್ಕಾರದ ಮಾತಾಡಿದವರು ಇದ್ದರು, ಆದರೆ ಅದು ಲೆಕ್ಕಪತ್ರದಲ್ಲಿ ಕಾಣಲಿಲ್ಲ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತ್ರೈಮಾಸಿಕದಲ್ಲಿ ಆ್ಯಪಲ್ 7.45 ಕೋಟಿ ಐಫೋನ್ ಮಾರಿ 1,800 ಕೋಟಿ ಡಾಲರ್ ಲಾಭ ಗಳಿಸಿತು. ಯಾವ ಸಾರ್ವಜನಿಕ ಕಂಪನಿಯೂ ಅಲ್ಲಿಯವರೆಗೆ ಒಂದು ತ್ರೈಮಾಸಿಕದಲ್ಲಿ ಅಷ್ಟು ಲಾಭ ಕಂಡಿರಲಿಲ್ಲ. ಗ್ರಾಹಕರು ಕೈಬಿಟ್ಟಾರು ಎಂಬ ಹೆದರಿಕೆಯಿಂದ ಎಷ್ಟೋ ಅಧಿಕಾರಿಗಳು ವರ್ಷಗಟ್ಟಲೆ ಸುಮ್ಮನಿದ್ದರು. ಆ ಹೆದರಿಕೆಗೆ ಆಧಾರವಿರಲಿಲ್ಲ, ಕನಿಷ್ಠ ಆ್ಯಪಲ್‌ನಷ್ಟು ದೊಡ್ಡ ಕಂಪನಿಯ ಮಟ್ಟಿಗೆ.

ಕೆಳಹಂತದ ನೌಕರರ ಮಾತೇ ಬೇರೆ. ಅಮೆರಿಕದ ಸಲಿಂಗಿ ನೌಕರರಲ್ಲಿ ಶೇಕಡಾ 53 ಮಂದಿ ಕೆಲಸದ ಜಾಗದಲ್ಲಿ ತಮ್ಮ ಗುರುತನ್ನು ಮುಚ್ಚಿಡುತ್ತಾರೆ ಎಂದು 'ಹ್ಯೂಮನ್ ರೈಟ್ಸ್ ಕ್ಯಾಂಪೇನ್' ಸಂಸ್ಥೆ ಅದೇ ವರ್ಷ ವರದಿ ಮಾಡಿತ್ತು. ಸಲಿಂಗಿ ಎಂಬ ಒಂದೇ ಕಾರಣಕ್ಕೆ ನೌಕರನನ್ನು ಮನೆಗೆ ಕಳಿಸಲು ಆಗ ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಕಾನೂನಿನ ಅಡ್ಡಿಯೇ ಇರಲಿಲ್ಲ. ಕುಕ್ ತಮ್ಮ ಲೇಖನದಲ್ಲಿ ಇದನ್ನು ಎತ್ತಿ ಹೇಳಿದ್ದರು.

ಅಲಬಾಮಾ ಮತ್ತು ಅಮೆರಿಕದ ರಾಜಕಾರಣ

ಲೇಖನ ಬರುವ ಮೂರು ದಿನ ಮುಂಚೆ ಕುಕ್ ಅಲಬಾಮಾದ ರಾಜಧಾನಿ ಮಾಂಟ್ಗೊಮರಿಯಲ್ಲಿದ್ದರು. ರಾಜ್ಯದ ಗಣ್ಯರ ಅಕಾಡೆಮಿಗೆ ಅವರನ್ನು ಸೇರಿಸಿಕೊಳ್ಳುವ ಸಮಾರಂಭ. ಸನ್ಮಾನಕ್ಕೆ ಕರೆದವರ ಎದುರಿಗೇ, ಕರಿಯರ ಸಮಾನತೆಯ ವಿಷಯದಲ್ಲಿ ಈ ರಾಜ್ಯ ಬಹಳ ನಿಧಾನ ಮಾಡಿತು, ಈಗ ಸಲಿಂಗಿಗಳ ವಿಷಯದಲ್ಲೂ ಅದನ್ನೇ ಮಾಡುತ್ತಿದೆ ಎಂದರು. ಬಾಲ್ಯದಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ ಬಿಳಿಯರ ಮೇಲ್ಮೆ ಸಾರುವ ಕು ಕ್ಲುಕ್ಸ್ ಕ್ಲ್ಯಾನ್‌ನವರು ಕರಿಯರ ಮನೆಯೊಂದರ ಮುಂದೆ ಶಿಲುಬೆ ಸುಡುತ್ತಿದ್ದುದನ್ನು ಕಂಡಿದ್ದಾಗಿ ಅವರು ಹಿಂದಿನ ವರ್ಷವೇ ಭಾಷಣವೊಂದರಲ್ಲಿ ನೆನೆದಿದ್ದರು. ಆ ರಾಜ್ಯದ ಬಗ್ಗೆ ಅವರಾಡಿದ್ದು ಹೊರಗಿನವರ ಟೀಕೆಯಲ್ಲ.

ರಾಜ್ಯ ಶಾಸನಸಭೆಯ ಸದಸ್ಯೆ, ತಾವೂ ಬಹಿರಂಗ ಸಲಿಂಗಿಯಾಗಿದ್ದ ಪೆಟ್ರೀಷಿಯಾ ಟಾಡ್, ಸರ್ಕಾರಿ ನೌಕರರ ವಿರುದ್ಧದ ತಾರತಮ್ಯ ತಡೆಯುವ ತಮ್ಮ ಮಸೂದೆಗೆ ಕುಕ್ ಹೆಸರಿಡುವುದಾಗಿ ಸಾರಿದರು. ಆ್ಯಪಲ್ ಮೊದಲು ಹಿಂದೇಟು ಹಾಕಿತು ಎಂಬ ಸುದ್ದಿ ಹರಡುತ್ತಲೇ, ಕುಕ್‌ಗೆ ಇದು ಗೌರವದ ವಿಷಯ ಎಂದು ಕಂಪನಿ ಹೇಳಿತು. ಮಸೂದೆ ಕಾನೂನಾಗಲಿಲ್ಲ.

ವಾಷಿಂಗ್ಟನ್ನಿನಲ್ಲಿ ಸಲಿಂಗ ವಿವಾಹದ ಕಡು ವಿರೋಧಿ, ಟೆಕ್ಸಾಸ್ ಸೆನೆಟರ್ ಟೆಡ್ ಕ್ರೂಜ್ ಅವರನ್ನು ಸಿಎನ್‌ಬಿಸಿ ಕೇಳಿತು. ಅದು ಕುಕ್ ಅವರ ವೈಯಕ್ತಿಕ ಆಯ್ಕೆ, ನನಗಂತೂ ನನ್ನ ಐಫೋನ್ ಬಲು ಇಷ್ಟ ಎಂದು ಅವರು ಜಾರಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾಣತನ ಅದು. ಮತದಾರನೂ ಗ್ರಾಹಕನೂ ಒಬ್ಬನೇ ಆಗಿರುವಾಗ ರಾಜಕಾರಣಿಗೆ ಎದುರಾಗುವ ಇಕ್ಕಟ್ಟು ಆ ಒಂದು ಉತ್ತರದಲ್ಲೇ ಕಾಣುತ್ತದೆ.

2015ರ ಮಾರ್ಚ್‌ನಲ್ಲಿ ಇಂಡಿಯಾನಾ ರಾಜ್ಯ ಧಾರ್ಮಿಕ ಸ್ವಾತಂತ್ರ್ಯದ ಹೆಸರಿನಲ್ಲಿ ತಂದ ಕಾನೂನನ್ನು ಕುಕ್ 'ವಾಷಿಂಗ್ಟನ್ ಪೋಸ್ಟ್'ನಲ್ಲಿ ಖಂಡಿಸಿದರು. ಸೇಲ್ಸ್‌ಫೋರ್ಸ್‌ನ ಮಾರ್ಕ್ ಬೆನಿಯಾಫ್ ಮೊದಲಾದವರೂ ಒತ್ತಡ ಹಾಕಿದ್ದರಿಂದ ರಾಜ್ಯ ಕೆಲವೇ ದಿನಗಳಲ್ಲಿ ಕಾನೂನನ್ನು ತಿದ್ದಿತು. ಎಚ್‌ಪಿ ಕಂಪನಿಯ ಮಾಜಿ ಮುಖ್ಯಸ್ಥೆ, ರಿಪಬ್ಲಿಕನ್ ಪಕ್ಷದ ಕಾರ್ಲಿ ಫಿಯೊರಿನಾ ಆಗ ಒಂದು ಚುಚ್ಚು ಮಾತಾಡಿದರು: ಸಲಿಂಗಿಗಳನ್ನು ಹಿಂಸಿಸುವ ದೇಶಗಳಲ್ಲಿ ವ್ಯಾಪಾರ ಮಾಡಿಕೊಂಡು ಇಂಡಿಯಾನಾಕ್ಕೆ ಬುದ್ಧಿ ಹೇಳುವುದು ಬೂಟಾಟಿಕೆ. ಆಕೆಯ ರಾಜಕೀಯ ಉದ್ದೇಶ ಏನೇ ಇರಲಿ, ಪ್ರಶ್ನೆ ಹುರುಳಿಲ್ಲದ್ದಲ್ಲ.

ರಷ್ಯಾ

ಅತಿ ವಿಚಿತ್ರವಾದ ಪ್ರತಿಕ್ರಿಯೆ ಬಂದದ್ದು ಸೇಂಟ್ ಪೀಟರ್ಸ್‌ಬರ್ಗ್‌ನಿಂದ. ಅಲ್ಲಿನ ಐಟಿಎಂಒ ವಿಶ್ವವಿದ್ಯಾಲಯದ ಅಂಗಳದಲ್ಲಿ ಸ್ಟೀವ್ ಜಾಬ್ಸ್ ನೆನಪಿಗೆಂದು 2013ರ ಜನವರಿಯಲ್ಲಿ ಆಳೆತ್ತರದ ಐಫೋನ್ ಆಕಾರದ ಸ್ಮಾರಕವನ್ನು ನಿಲ್ಲಿಸಲಾಗಿತ್ತು. ಅದರ ಪರದೆಯನ್ನು ಮುಟ್ಟಿದರೆ ಜಾಬ್ಸ್ ಜೀವನದ ವಿವರಗಳು ಮೂಡುತ್ತಿದ್ದವು. ಕುಕ್ ಲೇಖನ ಪ್ರಕಟವಾದ ಮರುದಿನವೇ ಅದನ್ನು ಕಿತ್ತು ಸಾಗಿಸಲಾಯಿತು. ಸ್ಮಾರಕ ಹಾಕಿಸಿದ್ದ ಜೆಡ್‌ಇಎಫ್‌ಎಸ್ ಎಂಬ ಉದ್ಯಮ ಸಮೂಹ ಕೊಟ್ಟ ಕಾರಣ, ಅಪ್ರಾಪ್ತ ವಯಸ್ಸಿನವರ ನಡುವೆ ಸಲಿಂಗತನದ 'ಪ್ರಚಾರ'ವನ್ನು ನಿಷೇಧಿಸಿ ರಷ್ಯಾ 2013ರ ಜೂನ್‌ನಲ್ಲಿ ತಂದ ಕಾನೂನು. ಸ್ಮಾರಕ ಇದ್ದದ್ದು ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲಿ ಎಂಬುದು ಅವರ ವಾದ. ಆ್ಯಪಲ್ ಸಾಧನಗಳು ಅಮೆರಿಕದ ಗುಪ್ತಚರರಿಗೆ ಮಾಹಿತಿ ರವಾನಿಸುತ್ತವೆ ಎಂಬ ಎರಡನೆಯ ಆರೋಪವನ್ನೂ ಜೊತೆಗೆ ಅಂಟಿಸಿದರು. ಹೇಳಿಕೆ ಕೊಟ್ಟವರು ಕುಕ್. ಸ್ಮಾರಕ ಕಳೆದುಕೊಂಡವರು ಮೂರು ವರ್ಷ ಮೊದಲೇ ತೀರಿಹೋಗಿದ್ದ, ಹೆಂಡತಿ ಮಕ್ಕಳಿದ್ದ ಜಾಬ್ಸ್.

ಅದೇ ನಗರದ ರಾಜಕಾರಣಿ ವಿಟಾಲಿ ಮಿಲೊನೊವ್, ಕುಕ್ ಎಬೋಲಾವನ್ನೋ ಏಡ್ಸ್ ಅನ್ನೋ ಹೊತ್ತು ತಂದಾರು, ಜೀವಮಾನಪೂರ್ತಿ ರಷ್ಯಾಕ್ಕೆ ಕಾಲಿಡದಂತೆ ಮಾಡಬೇಕು ಎಂದರು.

ಭಾರತ

ಭಾರತದಲ್ಲಿ ಈ ಸುದ್ದಿ ಬಂದ ಹೊತ್ತಿಗೆ ಸಲಿಂಗ ಸಂಬಂಧ ಮತ್ತೆ ಅಪರಾಧವಾಗಿ ವರ್ಷ ತುಂಬುತ್ತಿತ್ತು. ದೆಹಲಿ ಹೈಕೋರ್ಟ್ 2009ರಲ್ಲಿ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಲ್ಲು ಕಿತ್ತಿತ್ತು. ಸುಪ್ರೀಂ ಕೋರ್ಟ್ 2013ರ ಡಿಸೆಂಬರ್ 11ರಂದು ಆ ತೀರ್ಪನ್ನು ತಳ್ಳಿಹಾಕಿ ಕಲಮಿಗೆ ಮರುಜೀವ ಕೊಟ್ಟಿತು. ಕುಕ್ ಲೇಖನ ಬಂದ ಅದೇ ಅಕ್ಟೋಬರ್ ಕೊನೆಯಲ್ಲಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು, ಹೆಂಡತಿ ಕೊಟ್ಟ ದೂರಿನ ಮೇಲೆ, ಪೊಲೀಸರು 377ರಡಿ ಬಂಧಿಸಿದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತ್ತು. ತಂತ್ರಜ್ಞಾನದ ಎರಡು ರಾಜಧಾನಿಗಳ ಈ ಎರಡು ಸುದ್ದಿಗಳನ್ನು ಓದಿದವರಿಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ. ಅಲ್ಲಿ ದೊರೆತ ಅಭಿನಂದನೆಯ ಸುರಿಮಳೆ ಇಲ್ಲಿನ ಉದ್ಯಮಿಗೆ ಧೈರ್ಯ ಕೊಡುವಂತಿರಲಿಲ್ಲ. ಬಾಯಿ ಬಿಟ್ಟರೆ ಪೊಲೀಸ್ ಠಾಣೆಯ ದಾರಿ ತೆರೆಯಬಹುದಿತ್ತು.

ಹಾಗಿದ್ದೂ ಆ ಕಲಮಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಉದ್ಯಮಿಗಳಿದ್ದರು. ಬೆಂಗಳೂರಿನ ಲಲಿತ್ ಅಶೋಕ್ ಸೇರಿ ಹಲವು ಹೋಟೆಲುಗಳನ್ನು ನಡೆಸುವ ಲಲಿತ್ ಸಮೂಹದ ಕೇಶವ್ ಸೂರಿ, ರೆಸ್ಟೋರೆಂಟ್ ಒಡತಿ ರಿತು ದಾಲ್ಮಿಯಾ, ನೀಮ್ರಾನಾ ಹೋಟೆಲುಗಳ ಅಮನ್ ನಾಥ್ ತಮ್ಮ ಹೆಸರಿನಲ್ಲೇ ಅರ್ಜಿ ಹಾಕಿದ್ದರು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದು ಐವರು ನ್ಯಾಯಮೂರ್ತಿಗಳ ಪೀಠ 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿತು. ಕಾನೂನು ತಮ್ಮನ್ನು ಅಪರಾಧಿ ಎನ್ನುತ್ತಿರುವಾಗಲೇ ಅರ್ಜಿಗೆ ಸಹಿ ಹಾಕಿದವರ ಎದೆಗಾರಿಕೆ ಕುಕ್ ಅವರದಕ್ಕಿಂತ ಕಡಿಮೆಯದೇನಲ್ಲ, ಜಗತ್ತಿನ ಪತ್ರಿಕೆಗಳಲ್ಲಿ ಅದಕ್ಕೆ ಸಿಕ್ಕ ಜಾಗ ಮಾತ್ರ ಕಡಿಮೆ.

ನಂತರದ ವರ್ಷಗಳು

ಕುಕ್ ಹಾದಿ ತೆರೆದರು, ಇನ್ನು ಸಾಲುಸಾಲಾಗಿ ಸಿಇಒಗಳು ಮುಂದೆ ಬರುತ್ತಾರೆ ಎಂಬ ನಿರೀಕ್ಷೆ ಆಗ ಹಲವರಲ್ಲಿತ್ತು. ಬಂದವರು ಬೆರಳೆಣಿಕೆಯಷ್ಟು. 2018ರಲ್ಲಿ ಡೌ ಕೆಮಿಕಲ್‌ಗೆ ಜಿಮ್ ಫಿಟರ್ಲಿಂಗ್, ಹಾಲು ಉತ್ಪನ್ನಗಳ ಲ್ಯಾಂಡ್ ಓ ಲೇಕ್ಸ್‌ಗೆ ಬೆತ್ ಫೋರ್ಡ್ ಮುಖ್ಯಸ್ಥರಾದರು. ಫೋರ್ಡ್ ಅವರು 'ಫಾರ್ಚೂನ್ 500' ಕಂಪನಿಯೊಂದರ ಮೊದಲ ಬಹಿರಂಗ ಸಲಿಂಗಿ ಮಹಿಳಾ ಸಿಇಒ. ಮಾತಾಡಿದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಆಸ್ಟ್ರೇಲಿಯಾದ ಕ್ವಾಂಟಾಸ್ ವಿಮಾನ ಸಂಸ್ಥೆಯ ಮುಖ್ಯಸ್ಥ, ಸಲಿಂಗ ವಿವಾಹದ ಪರ ದನಿಯೆತ್ತಿದ ಅಲನ್ ಜಾಯ್ಸ್ 2017ರ ಮೇ ತಿಂಗಳಲ್ಲಿ ಪರ್ತ್ ನಗರದ ಸಭೆಯೊಂದರಲ್ಲಿ ಮಾತಾಡುತ್ತಿದ್ದಾಗ, ವೇದಿಕೆ ಹತ್ತಿದ ಒಬ್ಬಾತ ಅವರ ಮುಖಕ್ಕೆ ನಿಂಬೆ ಕ್ರೀಮಿನ ಪೈ ಮೆತ್ತಿದ. ಜಾಯ್ಸ್ ಕನ್ನಡಕ ಒರೆಸಿಕೊಂಡು, ಮುಖ ತೊಳೆದು ಬಂದು ಭಾಷಣ ಮುಂದುವರಿಸಿದರು.

ಸಲಿಂಗಿ ನೌಕರರಿಗೆ ಕೆಲಸದಲ್ಲಿ ರಕ್ಷಣೆ ಕೊಡುವ ಕೇಂದ್ರ ಮಸೂದೆಯನ್ನು ಬೆಂಬಲಿಸಿ ಕುಕ್ 2013ರ ನವೆಂಬರ್‌ನಲ್ಲೇ 'ವಾಲ್ ಸ್ಟ್ರೀಟ್ ಜರ್ನಲ್'ನಲ್ಲಿ ಬರೆದಿದ್ದರು. ಸೆನೆಟ್ 64–32 ಮತಗಳಿಂದ ಅದನ್ನು ಒಪ್ಪಿತು, ಕೆಳಮನೆ ಚರ್ಚೆಗೇ ಎತ್ತಿಕೊಳ್ಳಲಿಲ್ಲ. ಆ ರಕ್ಷಣೆ ಕೊನೆಗೆ ಬಂದದ್ದು ನ್ಯಾಯಾಲಯದ ಮೂಲಕ. ಬೊಸ್ಟಾಕ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2020ರ ಜೂನ್ 15ರಂದು 6–3 ಬಹುಮತದಿಂದ, ಸಲಿಂಗಿ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು 1964ರ ನಾಗರಿಕ ಹಕ್ಕುಗಳ ಕಾಯಿದೆಯ ಉಲ್ಲಂಘನೆ ಎಂದು ಹೇಳಿತು. ನೌಕರರ ಪರ ನ್ಯಾಯಾಲಯಕ್ಕೆ ಅಭಿಪ್ರಾಯ ಸಲ್ಲಿಸಿದ ಇನ್ನೂರಕ್ಕೂ ಹೆಚ್ಚು ಕಂಪನಿಗಳಲ್ಲಿ ಆ್ಯಪಲ್ ಕೂಡ ಇತ್ತು. ಅಲಬಾಮಾದ ನೌಕರರಿಗೂ ರಕ್ಷಣೆ ಸಿಕ್ಕಿದ್ದು ಆ ತೀರ್ಪಿನಿಂದ.