ಸ್ಕೇಲ್ ಲೆಂಗ್ತ್

ವಿದ್ಯುತ್ ಗಿಟಾರಿನಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿ ಮಿಡಿಯುವ ಉದ್ದದ ಅಳತೆ. ನಟ್‌ನಿಂದ 12ನೇ ಫ್ರೆಟ್‌ಗಿರುವ ಅಂತರವನ್ನು ಇಮ್ಮಡಿಸಿ ಇದನ್ನು ಲೆಕ್ಕ ಹಾಕುತ್ತಾರೆ. ನೇರವಾಗಿ ಬ್ರಿಡ್ಜ್‌ವರೆಗೆ ಅಳೆದರೆ ಲೆಕ್ಕ ತಪ್ಪುತ್ತದೆ. ಶ್ರುತಿ ಸರಿಹೋಗಲೆಂದು ಅಲ್ಲಿನ ಸ್ಯಾಡಲ್‌ಗಳನ್ನು ಒಂದಿಷ್ಟು ಹಿಂದಕ್ಕೆ ಸರಿಸಿರುತ್ತಾರೆ.

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೋಕಾಸ್ಟರ್‌ನದು 25.5 ಅಂಗುಲ. 1952ರ ಗಿಬ್ಸನ್ ಲೆಸ್ ಪಾಲ್‌ನದು 24.75 ಎಂಬುದು ರೂಢಿಯ ಮಾತು; ಅಳೆದರೆ ಹಲವು ಗಿಟಾರುಗಳಲ್ಲಿ 24.6ರ ಆಸುಪಾಸು ಬರುತ್ತದೆ. ಅಂತರ ಮುಕ್ಕಾಲು ಅಂಗುಲವಾದರೂ ಬೆರಳಿಗೆ ಅದು ಗೊತ್ತಾಗುತ್ತದೆ. ಒಂದೇ ದಪ್ಪದ ತಂತಿಯನ್ನು ಒಂದೇ ಸ್ವರಕ್ಕೆ ಕೂಡಿಸಿದಾಗ ಬಿಗಿತವು ಉದ್ದದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹಾಗಾಗಿ ಸ್ಟ್ರಾಟ್‌ನ ತಂತಿ ಸುಮಾರು 6% ಹೆಚ್ಚು ಬಿಗಿ. ಲೆಸ್ ಪಾಲ್‌ನ ತಂತಿಯನ್ನು ಅಡ್ಡಕ್ಕೆ ತಳ್ಳಿ ಸ್ವರ ಏರಿಸುವುದು ಸಲೀಸು. ಫ್ರೆಟ್‌ಗಳೂ ಒತ್ತೊತ್ತಾಗಿರುವುದರಿಂದ ಸಣ್ಣ ಕೈಯವರಿಗೆ ಕಾರ್ಡ್ ಹಿಡಿಯಲು ಅನುಕೂಲ.

ಉದ್ದ, ಬಿಗಿತ, ಸ್ವರಗಳನ್ನು ಬೆಸೆಯುವ ಈ ನಿಯಮ ಗಿಟಾರಿಗಿಂತ ಬಹಳ ಹಳೆಯದು. ಸಂಗೀತ ಕಛೇರಿಯಲ್ಲಿ ಗಾಯಕರ ಹಿಂದೆ ಮಿಡಿಯುವ ತಂಬೂರಿಗಳನ್ನು ಗಮನಿಸಿ: ಗಂಡಸರ ತಗ್ಗು ಷಡ್ಜಕ್ಕೆ ಉದ್ದನೆಯ ವಾದ್ಯ, ಹೆಂಗಸರ ಮೇಲಿನ ಷಡ್ಜಕ್ಕೆ ಗಿಡ್ಡ ವಾದ್ಯ. 2024ರಲ್ಲಿ ಭೌಗೋಳಿಕ ಸೂಚಕ ಪಡೆದ ಮೀರಜ್ ತಂಬೂರಿಯ ಕುಶಲಕರ್ಮಿಗಳು ಶ್ರುತಿಗೆ ತಕ್ಕಂತೆ ಉದ್ದವನ್ನೇ ಬದಲಿಸುತ್ತಾರೆ. ಗಿಟಾರಿನಲ್ಲಿ ಶ್ರುತಿ ಹೆಚ್ಚುಕಡಿಮೆ ನಿಗದಿಯಾಗಿರುವುದರಿಂದ ಉದ್ದದ ಆಯ್ಕೆ ಕೈಯ ಹಿತಕ್ಕೂ ನಾದದ ರುಚಿಗೂ ಬಿಟ್ಟದ್ದು.

ನಾದದ ಮೇಲಿನ ಪರಿಣಾಮ ಮಂದ್ರದಲ್ಲೇ ಹೆಚ್ಚು ಕೇಳಿಸುತ್ತದೆ. ದಪ್ಪ ತಂತಿ ಬಾಗಲು ಒಪ್ಪದ ಸೆಟೆತದಿಂದ ಅದರ ಉಪಸ್ವರಗಳು ಇರಬೇಕಾದ ಜಾಗಕ್ಕಿಂತ ಮೇಲಕ್ಕೆ ಜಾರುತ್ತವೆ, ನಾದ ಮಸುಕಾಗುತ್ತದೆ. ಅದೇ ತಂತಿ, ಅದೇ ಸ್ವರ ಇದ್ದಾಗ ಈ ದೋಷ ಉದ್ದದ ನಾಲ್ಕನೇ ಘಾತದಂತೆ ಇಳಿಯುತ್ತದೆ; ಸ್ಟ್ರಾಟ್‌ನಲ್ಲಿ ಲೆಸ್ ಪಾಲ್‌ಗಿಂತ ಸುಮಾರು 11% ಕಡಿಮೆ. ಶ್ರುತಿ ಇಳಿಸಿ ಮೆಟಲ್ ನುಡಿಸುವವರು 27 ಅಂಗುಲದ ಬ್ಯಾರಿಟೋನ್ ಗಿಟಾರ್ ಹಿಡಿಯುವುದೂ, ಬೇಸ್ ಗಿಟಾರ್ ಸಾಮಾನ್ಯವಾಗಿ 34 ಅಂಗುಲ ಇರುವುದೂ ಇದಕ್ಕಾಗಿಯೇ.

ಆದರೆ ಸ್ಟ್ರಾಟ್‌ನ ಗಂಟೆಯಂಥ ದನಿ, ಲೆಸ್ ಪಾಲ್‌ನ ದಟ್ಟ ದನಿಗಳನ್ನು ಪೂರ್ತಿ ಉದ್ದದ ಲೆಕ್ಕಕ್ಕೆ ಬರೆಯುವುದು ತಪ್ಪು. ಸ್ಟ್ರಾಟ್‌ನ ಸಿಂಗಲ್ ಕಾಯಿಲ್ ಪಿಕಪ್‌ಗೂ 1957ರಿಂದ ಲೆಸ್ ಪಾಲ್‌ಗೆ ಬಂದ ಹಂಬಕರ್‌ಗೂ ಇರುವ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಬಿಗಿತವನ್ನೂ ತಂತಿಯಿಂದಲೇ ತಿದ್ದಬಹುದು: 9ರ ಸೆಟ್ (ಅತಿ ಸಣ್ಣ ತಂತಿಯ ದಪ್ಪ ಅಂಗುಲದ ಸಾವಿರದ 9 ಭಾಗ) ತೆಗೆದು 10ರದ್ದು ಹಾಕಿದರೆ ಆ ತಂತಿ ಸುಮಾರು 23% ಬಿಗಿಯಾಗುತ್ತದೆ. ಫ್ರೆಟ್‌ಗಳ ನಡುವಿನ ಅಂತರವನ್ನು ಮಾತ್ರ ಯಾವ ತಂತಿಯೂ ಬದಲಿಸದು.