ಅಬ್ಬಿಯಿಂದ ಪಂಪಿಗೆ: ಘಟ್ಟದ ಮೇಲಿನ ತೋಟಗಳ ನೀರಿನ ಚರಿತ್ರೆ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಅಡಿಕೆ ತೋಟಗಳು ಗುಡ್ಡಗಳ ನಡುವಿನ ಇಕ್ಕಟ್ಟು ಕಣಿವೆಗಳಲ್ಲಿ ಬೆಳೆದುಬಂದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ನೀರು ಬೇಕಾದುದಕ್ಕಿಂತ ಹೆಚ್ಚು. ಬಣ್ಣಗಳ (ಅಡಿಕೆ ಮರಗಳಿರುವ ಮಡಿಗಳ) ನಡುವೆ ಕಾದಿಗೆ (ಬಸಿಗಾಲುವೆ) ತೋಡಿ ಅದನ್ನು ಹೊರಗೆ ಹರಿಸದಿದ್ದರೆ ಅಡಿಕೆಯ ಬೇರು ಕೊಳೆಯುತ್ತದೆ. ಶಿವರಾತ್ರಿ ಕಳೆದ ಮೇಲೆ ಅದೇ ತೋಟ ಬಾಯಾರುತ್ತದೆ. ವರ್ಷದಲ್ಲಿ ನಾಲ್ಕು ತಿಂಗಳು ನೀರನ್ನು ಕಳಿಸುವುದು, ಬೇಸಿಗೆಯಲ್ಲಿ ಅದನ್ನೇ ಕಾಯ್ದು ಬಳಸುವುದು: ಈ ಸೀಮೆಯ ತೋಟಗಾರಿಕೆ ನಿಂತಿರುವುದು ಈ ಎರಡು ಕೆಲಸಗಳ ಮೇಲೆ.

ಕೆರೆ ಕಟ್ಟಿಸುವುದು ಇಲ್ಲಿ ಬಹಳ ಹಳೆಯ ಪುಣ್ಯಕಾರ್ಯ. ಶಿರಸಿ ತಾಲ್ಲೂಕಿನ ಬನವಾಸಿಯಲ್ಲಿ, ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗಶಿಲ್ಪದ ಮೇಲೆ ಚುಟು ಅರಸರ ಕಾಲದ ಪ್ರಾಕೃತ ಶಾಸನವಿದೆ. ರಾಜಮನೆತನದ ಹೆಣ್ಣುಮಗಳೊಬ್ಬಳು ನಾಗವಿಗ್ರಹದ ಜೊತೆಗೆ ಒಂದು ಕೆರೆಯನ್ನೂ ವಿಹಾರವನ್ನೂ ದಾನವಾಗಿ ಕೊಟ್ಟಳೆಂದು ಅದು ಹೇಳುತ್ತದೆ. ಕದಂಬರಿಗಿಂತ ಹಿಂದಿನ ಮಾತು ಇದು. ಮುಂದೆ ಸೋಂದೆಯ ಅರಸರ ಕಾಲಕ್ಕೆ ಅಡಿಕೆ, ಮೆಣಸಿನ ತೋಟಗಳು ನಾಡಿನ ಸಂಪತ್ತಿನ ಮೂಲವಾಗಿದ್ದವು. 1801ರಲ್ಲಿ ಯಲ್ಲಾಪುರ, ಸೋಂದೆ, ಶಿರಸಿಗಳನ್ನು ಹಾದುಹೋದ ಫ್ರಾನ್ಸಿಸ್ ಬುಕಾನನ್ ಈ ತೋಟಗಳ ಬೇಸಾಯವನ್ನು ತನ್ನ ಪ್ರವಾಸದ ದಾಖಲೆಯಲ್ಲಿ ಬರೆದಿಟ್ಟ.

ಹಳೆಯ ವ್ಯವಸ್ಥೆಯಲ್ಲಿ ನೀರು ತಾನಾಗಿ ಇಳಿದು ಬರಬೇಕು. ತೋಟದ ತಲೆಗೆ ಕೆರೆ, ಕೆರೆಯ ತೂಬಿನಿಂದ ಕಾಲುವೆ, ಕಾಲುವೆಯಿಂದ ತೋಟದ ಬುಡಕ್ಕೆ. ಗುಡ್ಡದ ಬದಿಯ ಒರತೆಯಿಂದ ಮನೆಗೆ ಬರುವ ನೀರು ಅಬ್ಬಿ. ಬೆಳೆದ ಅಡಿಕೆ ಮರವನ್ನು ಉದ್ದಕ್ಕೆ ಸೀಳಿ, ಒಳಗಿನ ಮೆತ್ತನೆಯ ತಿರುಳನ್ನು ಕೆತ್ತಿ ತೆಗೆದರೆ ದಬ್ಬೆ ಸಿದ್ಧ. ಒಂದರ ಬಾಯಿಗೆ ಇನ್ನೊಂದರ ತಲೆ ಕೊಟ್ಟು, ಕವಲುಗೋಲುಗಳ ಮೇಲೆ ಸಾಲಾಗಿ ಇಟ್ಟರೆ ನೀರು ಬಚ್ಚಲುಮನೆಯವರೆಗೆ ಹರಿದು ಬರುತ್ತದೆ. ಇದಕ್ಕೆ ಎಣ್ಣೆ ಬೇಡ, ವಿದ್ಯುತ್ತು ಬೇಡ. ಆದರೆ ಆರೈಕೆ ತಪ್ಪದೆ ಬೇಕು. ಎಲೆ ಬಿದ್ದು ದಬ್ಬೆ ಕಟ್ಟಿಕೊಳ್ಳುತ್ತದೆ, ಮರ ಕೊಳೆಯುತ್ತದೆ, ಕೆರೆಯಲ್ಲಿ ಹೂಳು ತುಂಬುತ್ತದೆ. ಹೂಳೆತ್ತುವ, ಕಾಲುವೆ ಸವರುವ ಕೆಲಸವನ್ನು ಒಂದೇ ಕೆರೆಯ ನೀರುಂಡವರು ಕೂಡಿ ಮಾಡುತ್ತಿದ್ದರು.

ಕೆಳಗಿನ ನೀರನ್ನು ಮೇಲಕ್ಕೆ ತರಬೇಕಾದಲ್ಲಿ ಏತವಿತ್ತು. ಕಂಬದ ಮೇಲೆ ಅಡ್ಡಮರ, ಅದರ ಒಂದು ತುದಿಗೆ ಕಲ್ಲಿನ ಭಾರ, ಇನ್ನೊಂದು ತುದಿಯ ಗಳುವಿಗೆ ನೀರಿನ ಪಾತ್ರೆ. ಎಳೆಯ ಸಸಿಗಳಿಗೆ ಕೊಡ ಹೊತ್ತೇ ನೀರು ಹಾಕಬೇಕಿತ್ತು. ಎತ್ತುವ ನೀರಿನ ಅಳತೆ ಮನುಷ್ಯನ ರಟ್ಟೆಯ ಅಳತೆಯಾಗಿತ್ತು. ಹೀಗಾಗಿ ಒರತೆ ತುಂಬುವ ವೇಗವನ್ನು ಮೀರಿ ಯಾರಿಗೂ ನೀರೆತ್ತಲಾಗುತ್ತಿರಲಿಲ್ಲ.

ಈ ಲೆಕ್ಕವನ್ನು ಬದಲಿಸಿದ್ದು ಪಂಪು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1910ರಲ್ಲಿ ಕಟ್ಟಿದ ಕಿರ್ಲೋಸ್ಕರವಾಡಿಯ ಕಾರ್ಖಾನೆ 1926ರ ಹೊತ್ತಿಗೆ ಸೆಂಟ್ರಿಫ್ಯೂಗಲ್ ಪಂಪು ತಯಾರಿಸಿತು. ತೋಟಗಳಿಗೆ ಮೊದಲು ಬಂದವು ಡೀಸೆಲ್ ಎಂಜಿನ್ನಿನ ಪಂಪುಗಳು. ಸಿದ್ದಾಪುರದ ಗಡಿಯಲ್ಲೇ ಇರುವ ಜೋಗದಲ್ಲಿ 1948ರಲ್ಲಿ ವಿದ್ಯುತ್ ಉತ್ಪಾದನೆ ಆರಂಭವಾಯಿತು. ಆದರೆ ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಹಳ್ಳಿಗಳಿಗೆ ತಂತಿ ಎಳೆಯುವ ಕೆಲಸಕ್ಕೆ 1969ರಲ್ಲಿ ಸ್ಥಾಪನೆಯಾದ ಗ್ರಾಮೀಣ ವಿದ್ಯುದೀಕರಣ ನಿಗಮದ ಸಾಲ ಬಲ ಕೊಟ್ಟಿತು. ಮುಂದಿನ ದಶಕಗಳಲ್ಲಿ ಕೆರೆಯ ದಂಡೆಗಳಲ್ಲಿ ಪಂಪಿನ ಮನೆಗಳು ಎದ್ದವು. ದಬ್ಬೆಯ ಜಾಗಕ್ಕೆ ಪ್ಲಾಸ್ಟಿಕ್ ಪೈಪು, ಕಾಲುವೆಯ ಜಾಗಕ್ಕೆ ಸ್ಪ್ರಿಂಕ್ಲರ್, ಹನಿ ನೀರಾವರಿ ಬಂದವು.

ಪಂಪಿನೊಡನೆ ಹೊಸ ವಿದ್ಯೆಯೊಂದನ್ನು ಕಲಿಯಬೇಕಾಯಿತು. ಪಂಪು ನೀರನ್ನು ಎಳೆಯುತ್ತದೆ ಎನ್ನುವುದು ವಾಡಿಕೆಯ ಮಾತು. ನಿಜವಾಗಿ ನೀರನ್ನು ಪೈಪಿನೊಳಗೆ ದೂಡುವುದು ಹೊರಗಿನ ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ ಅದರ ಮಿತಿ ಸುಮಾರು 10.3 ಮೀಟರ್, 600 ಮೀಟರಿನಷ್ಟು ಎತ್ತರದಲ್ಲಿರುವ ಶಿರಸಿಯಲ್ಲಿ ಅದು 9.6 ಮೀಟರಿಗೆ ಇಳಿಯುತ್ತದೆ. ಪೈಪಿನ ತಿಕ್ಕಾಟವನ್ನೂ ಕಳೆದರೆ ಕೆಲಸಕ್ಕೆ ಸಿಗುವುದು ಆರೇಳು ಮೀಟರ್ ಮಾತ್ರ. ಪಂಪನ್ನು ಮನೆಯ ಹತ್ತಿರ ಇಡದೆ ಕೆರೆಯ ಬದಿಗೇ ಇಳಿಸಿ ಕೂರಿಸಿದ್ದು ಇದೇ ಕಾರಣಕ್ಕೆ. ಚಾಲೂ ಮಾಡುವ ಮೊದಲು ಪಂಪಿನ ಹೊಟ್ಟೆಯಲ್ಲೂ ಕೆಳಗಿನ ಪೈಪಿನಲ್ಲೂ ನೀರು ತುಂಬಿರಬೇಕು. ಅದನ್ನು ಹಿಡಿದಿಡುವುದು ತಳದ ಫುಟ್‌ವಾಲ್ವ್. ಅದರ ಬಾಯಿಗೆ ಎಲೆ, ಕಡ್ಡಿ ಸಿಕ್ಕಿಕೊಂಡರೆ ರಾತ್ರಿ ಬೆಳಗಾಗುವುದರೊಳಗೆ ನೀರು ಇಳಿದುಹೋಗಿರುತ್ತದೆ. ಹಾಗೆಯೇ ಓಡಿಸಿದ ಪಂಪು ಒಣಗಿ ಕಾಯುತ್ತದೆ, ಒಳಗಿನ ಸೀಲು ಹಾಳಾಗುತ್ತದೆ. ಹಗ್ಗ ಸುತ್ತಿದ ಗ್ಲ್ಯಾಂಡಿನಿಂದ ಮಾತ್ರ ಒಂದೊಂದೇ ಹನಿ ತೊಟ್ಟಿಕ್ಕುತ್ತಿರಬೇಕು. ತಿರುಗುವ ದಂಡವನ್ನು ತಣ್ಣಗಿಡುವುದು ಆ ಹನಿ. ಸೋರಿಕೆಯೆಂದು ತಿಳಿದು ಪೂರ್ತಿ ಬಿಗಿದರೆ ದಂಡ ಸವೆಯುತ್ತದೆ.

ಕಾಡಿನ ನಡುವೆ ಹಾದುಬರುವ ವಿದ್ಯುತ್ ತಂತಿಯ ಮೇಲೆ ಮರ ಬೀಳುವುದು ಇಲ್ಲಿ ಸಾಮಾನ್ಯ. ಮೂರು ಫೇಸುಗಳಲ್ಲಿ ಒಂದು ಹೋದರೆ ಮೋಟಾರು ಉಳಿದೆರಡರಿಂದ ಹೆಚ್ಚು ಕರೆಂಟು ಎಳೆಯುತ್ತದೆ, ಗುಂಯ್ ಎನ್ನುತ್ತದೆ, ಸುಡುತ್ತದೆ. ಸುಟ್ಟ ಮೋಟಾರನ್ನು ಪೇಟೆಗೆ ಒಯ್ದು ವೈಂಡಿಂಗ್ ಮಾಡಿಸುವ ಖರ್ಚನ್ನು ಸ್ಟಾರ್ಟರಿನಲ್ಲಿರುವ ಓವರ್‌ಲೋಡ್ ರಿಲೇ ಮತ್ತು ಫೇಸು ತಪ್ಪಿದಾಗ ಸಂಪರ್ಕ ಕಡಿಯುವ ಸಾಧನ ಉಳಿಸುತ್ತವೆ.

ಜೀವಕ್ಕೆ ಕಾವಲಾಗಿರುವುದು ಅರ್ಥಿಂಗ್. ಇದ್ದಿಲು, ಉಪ್ಪು ತುಂಬಿದ ಅದರ ಗುಂಡಿ ಒದ್ದೆಯಾಗಿದ್ದರೆ ಮಾತ್ರ ಕರೆಂಟನ್ನು ನೆಲಕ್ಕೆ ಇಳಿಸಬಲ್ಲದು. ಪಂಪು ಅತಿ ಹೆಚ್ಚು ಓಡುವ ಏಪ್ರಿಲ್ ತಿಂಗಳಿನಲ್ಲೇ ಇಲ್ಲಿನ ಕೆಂಪು ಜಂಬಿಟ್ಟಿಗೆ ನೆಲ ಪೂರ್ತಿ ಒಣಗಿರುತ್ತದೆ. ಬೇಸಿಗೆಯಲ್ಲಿ ಆ ಗುಂಡಿಗೆ ಕೊಡ ನೀರು ಹೊಯ್ಯುವ ಪದ್ಧತಿಗೆ ಕಾರಣ ಇದು. ಒದ್ದೆ ಕೈ, ಬರಿಗಾಲಿನಲ್ಲಿ ಸ್ಟಾರ್ಟರ್ ಮುಟ್ಟಬಾರದು. ಮೇನ್ ಸ್ವಿಚ್ ತೆಗೆಯದೆ ಫುಟ್‌ವಾಲ್ವ್ ಎತ್ತಬಾರದು.

ತೋಟದ ಕೆರೆ ಊರಿನ ಈಜುಕೊಳವೂ ಹೌದು. ಬಾಳೆದಿಂಡು ಕಟ್ಟಿಕೊಂಡು ಮಕ್ಕಳು ಈಜು ಕಲಿಯುವುದು ಅಲ್ಲೇ. ಹಾಗಾಗಿ ಯಾರಾದರೂ ನೀರಿಗಿಳಿಯುವ ಮೊದಲು ಪಂಪು ನಿಲ್ಲಿಸುವುದು ತಪ್ಪದ ನಿಯಮವಾಗಬೇಕು: ವೈರಿನ ಸಣ್ಣ ಬಿರುಕೂ ಕೆರೆಯ ನೀರಿಗೆ ಕರೆಂಟು ಬಿಡಬಲ್ಲದು. ಕಟ್ಟಿಸಿದ ಈಜುಕೊಳದ ಪಂಪಿಗೂ ಇದೇ ಮಾತು ಅನ್ವಯಿಸುತ್ತದೆ. ಅಲ್ಲಿ 30 ಮಿಲಿಆಂಪಿಯರ್ ಸೋರಿಕೆಗೇ ಕಡಿಯುವ ಸ್ವಿಚ್ಚು ಬೇಕು. ತಳದ ಹೀರುಕಿಂಡಿಗೆ ಭದ್ರ ಮುಚ್ಚಳ ಬೇಕು, ಕಿಂಡಿಗಳು ಎರಡಾಗಿ ದೂರದೂರ ಇರಬೇಕು. ಅಮೆರಿಕದಲ್ಲಿ 2002ರಲ್ಲಿ ಅಂಥ ಕಿಂಡಿಯ ಸೆಳೆತಕ್ಕೆ ಸಿಕ್ಕಿ ಏಳು ವರ್ಷದ ಬಾಲಕಿಯೊಬ್ಬಳು ತೀರಿಕೊಂಡಳು. ಮುಚ್ಚಳದ ಈ ಎಚ್ಚರಿಕೆ 2007ರಲ್ಲಿ ಅಲ್ಲಿ ಕಾಯ್ದೆಯಾಯಿತು.

ಪಂಪು ಬಂದ ಮೇಲೆ ಏತದ ಮಿತಿ ಅಳಿಯಿತು. ಐದು ಅಶ್ವಶಕ್ತಿಯ ಮೋಟಾರು ಒರತೆಗಿಂತ ಬೇಗ ಕೆರೆಯನ್ನು ಬರಿದು ಮಾಡಬಲ್ಲದು. ನಂತರದ ಬೋರ್‌ವೆಲ್ಲುಗಳು ಇನ್ನೂ ಆಳಕ್ಕೆ ಇಳಿದವು. ಬರದ ವರ್ಷಗಳಲ್ಲಿ ಶಿರಸಿಯ ಸುತ್ತ ಜನರು ಕೂಡಿ ಮತ್ತೆ ಕೆರೆಗಳ ಹೂಳೆತ್ತಿದ್ದು ಹಳೆಯ ಆರೈಕೆ ಇಂದಿಗೂ ಬೇಕೆಂಬುದಕ್ಕೆ ಸಾಕ್ಷಿ. ತುಂಬಿದ ಕೆರೆಯೇ ಪಂಪಿಗೂ ರಕ್ಷೆ. ನೀರಿನ ಮಟ್ಟ ಇಳಿದಷ್ಟೂ ಅದು ಒಣಗಿ ಓಡುವ ಅಪಾಯ ಹೆಚ್ಚು.

ಮೇ ಕೊನೆಗೆ ಪಂಪಿನ ಕೆಲಸ ಮುಗಿಯುತ್ತದೆ. ಹೊಟ್ಟೆಯ ನೀರು ಬಸಿದು, ಬೇರಿಂಗಿಗೆ ಗ್ರೀಸು ಹಾಕಿ, ಕೆರೆ ಉಕ್ಕಿದರೂ ಮುಳುಗದ ಎತ್ತರಕ್ಕೆ ಮೋಟಾರನ್ನು ಸಾಗಿಸಿದ ಮೇಲೆ ಕಾದಿಗೆ ಸವರುವ ಸರದಿ ಬರುತ್ತದೆ.